ಕಡಲಂಚಿನ ಸೂಕ್ಷ್ಮಪಾಚಿ: ಜಾಗ ಬದಲಾದ್ರೆ ಪಾಚಿನೂ ಯಾಕೆ ಬದಲಾಗತ್ತೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಡಲಂಚಲ್ಲಿ ಬೆಳೆಯೋ, ಬರಿಗಣ್ಣಿಗೆ ಒಂದೊಂದಾಗಿ ಕಾಣದ ಪಾಚಿ ಬಗ್ಗೆ ಬಂದ ಪ್ರಶ್ನೆಗಳನ್ನ ಈ ಸಲ ಒಟ್ಟಿಗೆ ತಗೊಂಡಿದೀನಿ. ಕೇಳಿರೋ ರೀತಿ ಬೇರೆ ಬೇರೆ ಇದ್ರೂ ಹೆಚ್ಚಿನವರಿಗೆ ಬೇಕಾಗಿರೋದು ಒಂದೇ, ಈ ಪಾಚಿ ಇಲ್ಲೇ ಯಾಕಿದೆ, ಅಲ್ಲಿ ಯಾಕಿಲ್ಲ ಅಂತ. ಪಾಚಿ ಹೆಸರು ಹುಡುಕೋಕೆ ಮುಂಚೆ ಜಾಗ ನೋಡಿ ಅಂತ ನಾನು ಯಾವಾಗ್ಲೂ ಹೇಳ್ತೀನಿ. ಬೆಳಕು ಎಷ್ಟು ಬೀಳತ್ತೆ, ನೆಲ ಎಂಥದು, ಉಪ್ಪು ಎಷ್ಟು, ನೀರು ಎಷ್ಟು ಅಲ್ಲಾಡತ್ತೆ, ಪಾಚಿ ತಿನ್ನೋ ಜೀವಿ ಯಾವ್ದಿದೆ, ಇಷ್ಟು ಗೊತ್ತಾದ್ರೆ ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡತ್ತೆ.

ಪ್ರಶ್ನೆ: ಒಂದೇ ತೀರ, ಒಂದೇ ನೀರು. ಆದ್ರೂ ಕೆಸರಿರೋ ಕಡೆ ನೆಲದ ಮೇಲೆ ಹೊಳೆಯೋ ಕಂದು ಪದರ, ಪಕ್ಕದ ಮರಳಲ್ಲಿ ಏನೂ ಕಾಣಲ್ಲ, ಬಂಡೆ ಮೇಲೆ ಕಪ್ಪು ಕಲೆ. ಯಾಕೆ ಹೀಗೆ?

ಉತ್ತರ: ನೀರು ಒಂದೇ ಆದ್ರೂ ಪಾಚಿಗೆ ಅದು ಮೂರು ಬೇರೆ ಊರು ಅಂದ್ಕೊಳಿ. ಮೊದಲು ಕೆಸರು ತಗೊಳೋಣ. ಕೆಸರಿನ ಕಣ ತುಂಬಾ ಸಣ್ಣದು, ಒತ್ತೊತ್ತಾಗಿ ಕೂತಿರತ್ತೆ, ಅದಕ್ಕೆ ಬಿಸಿಲು ಎಷ್ಟೇ ಜೋರಿದ್ರೂ ಒಂದೆರಡು ಮಿಲಿಮೀಟರ್ ಒಳಗೆ ಬೆಳಕು ಪೂರ್ತಿ ಮುಗಿದು ಹೋಗತ್ತೆ. ಮತ್ತೆ ಕೆಸರು ನಿಲ್ಲೋದೇ ನೀರು ನಿಧಾನ ಇರೋ ಕಡೆ, ಅಂದ್ರೆ ಮೇಲಿಂದ ಹೊಸ ಕೆಸರು ಬಂದು ಮುಚ್ತಾನೇ ಇರತ್ತೆ. ಇಂಥ ಕಡೆ ಒಂದು ಜಾಗಕ್ಕೆ ಅಂಟ್ಕೊಂಡು ಕೂತ್ರೆ ಹೂತು ಹೋಗೋದೇ ಗತಿ, ಹಾಗಾಗಿ ಇಲ್ಲಿ ಗೆಲ್ಲೋದು ಓಡಾಡೋಕೆ ಬರೋ ಡಯಾಟಮ್‌ಗಳು, ಅಂದ್ರೆ ಗಾಜಿನಂಥ ಸಿಲಿಕಾ ಚಿಪ್ಪಿರೋ ಒಂದೇ ಕೋಶದ ಪಾಚಿ. ನಾವಿಕ್ಯುಲ, ನಿಟ್‌ಶಿಯಾ, ಗೈರೊಸಿಗ್ಮಾ ಥರದವು. ಇವುಗಳ ಗಾಜಿನ ಚಿಪ್ಪಲ್ಲಿ ಉದ್ದಕ್ಕೆ ಒಂದು ಸೀಳು ಇರತ್ತೆ, ರಾಫೆ ಅಂತಾರೆ, ಅದರಿಂದ ಲೋಳೆ ಹೊರಗೆ ಬಿಡ್ತಾ ಜಾರ್ಕೊಂಡು ಹೋಗ್ತವೆ, ಸೆಕೆಂಡಿಗೆ ಕೆಲವು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಷ್ಟೇ, ಆದ್ರೆ ಬೆಳಕಿರೋ ಪದರಾನೇ ಒಂದೆರಡು ಮಿಲಿಮೀಟರ್ ಅಂದ್ಮೇಲೆ ಅಷ್ಟು ಸ್ಪೀಡ್ ಧಾರಾಳ ಸಾಕು. ನಿಮಗೆ ಕಂಡ ಕಂದು ಬಣ್ಣ ಅವುಗಳ ಒಳಗಿರೋ ಫ್ಯೂಕೋಕ್ಸಾಂಥಿನ್ ಅನ್ನೋ ಪಿಗ್ಮೆಂಟಿಂದು. ಹೊಳಪು ಬರೋದು ಲೋಳೆಯಿಂದ. ಆ ಲೋಳೆ ಇನ್ನೊಂದು ದೊಡ್ಡ ಕೆಲಸ ಮಾಡತ್ತೆ, ಕೆಸರಿನ ಕಣಗಳನ್ನ ಒಟ್ಟಿಗೆ ಹಿಡಿದಿಡತ್ತೆ, ಹಾಗಾಗಿ ಪಾಚಿ ಪದರ ಇರೋ ಕೆಸರು ನೀರಿನ ಸೆಳೆತಕ್ಕೆ ಬೇಗ ಕೊಚ್ಚಿ ಹೋಗಲ್ಲ. ಜಾಗ ಪಾಚಿನ ಆರಿಸತ್ತೆ ಅಂತೀವಲ್ಲ, ಇಲ್ಲಿ ಪಾಚಿನೇ ಜಾಗನ ಉಳಿಸ್ಕೊಳತ್ತೆ, ಎರಡೂ ಕಡೆಯಿಂದ ನಡೆಯೋ ವ್ಯವಹಾರ ಇದು.

ಮರಳಲ್ಲಿ ಏನೂ ಇಲ್ಲ ಅಂದ್ರಲ್ಲ, ಇದೆ, ಕಾಣಲ್ಲ ಅಷ್ಟೆ. ಅಲೆ ಬಂದಾಗೆಲ್ಲ ಮರಳಿನ ಕಣ ಉರುಳಿ ಒಂದಕ್ಕೊಂದು ಉಜ್ಜತ್ತೆ, ಮೇಲ್ಮೈಲಿ ಉಬ್ಬಿಕೊಂಡು ಕೂತ ಯಾವ ಕೋಶನೂ ಉಳಿಯಲ್ಲ. ಆದ್ರೆ ಒಂದು ಕಣನ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಅದರ ಮೈಮೇಲೆ ಗುಳಿ, ಬಿರುಕು ಇರತ್ತೆ, ಆ ಗುಳಿ ಒಳಗೆ ತುಂಬಾ ಸಣ್ಣ ಡಯಾಟಮ್‌ಗಳು ಬಿಗಿಯಾಗಿ ಅಂಟ್ಕೊಂಡು ಕೂತಿರ್ತವೆ. ಮರಳಲ್ಲಿ ಬೆಳಕು ಕೆಸರಿಗಿಂತ ಆಳಕ್ಕೆ ಇಳಿಯತ್ತೆ, ಕಣ ಉರುಳಿ ಸ್ವಲ್ಪ ಹೊತ್ತು ಕೆಳಗೆ ಹೋದ್ರೂ ಮತ್ತೆ ಮೇಲೆ ಬರತ್ತೆ, ಹಾಗಾಗಿ ಓಡಾಡೋ ಅಗತ್ಯ ಅಷ್ಟಿಲ್ಲ, ಗಟ್ಟಿಯಾಗಿ ಹಿಡ್ಕೊಂಡಿರೋದೇ ಮುಖ್ಯ.

ಬಂಡೆ ಕಥೆ ಬೇರೆ. ಮೇಲ್ಭಾಗ ಗಂಟೆಗಟ್ಟಲೆ ಒಣಗಿರತ್ತೆ, ಕಾದಿರತ್ತೆ, ಅಲ್ಲಿ ತಡ್ಕೊಳೋದು ಮುಖ್ಯವಾಗಿ ಸಯನೋಬ್ಯಾಕ್ಟೀರಿಯಾ (ಪಾಚಿ ಥರ ಬೆಳಕಿಂದ ಆಹಾರ ಮಾಡ್ಕೊಳೋ ಬ್ಯಾಕ್ಟೀರಿಯಾ) ಮತ್ತೆ ಕೆಲವು ಕಪ್ಪು ಕಲ್ಲುಹೂವು, ನಿಮ್ಮ ಕಪ್ಪು ಕಲೆ ಬಹುಶಃ ಅದೇ. ಕೆಳಗೆ ನೀರು ತಾಗೋ ಕಡೆ ಡಯಾಟಮ್ ಪದರ ಚೆನ್ನಾಗೇ ಬೆಳೆಯತ್ತೆ, ಆದ್ರೆ ಲಿಂಪೆಟ್ ಥರದ ಚಿಪ್ಪಿನ ಜೀವಿಗಳು ಬಂಡೆ ಕೆರೆದು ಕೆರೆದು ತಿಂತಾನೇ ಇರ್ತವೆ.

ಪ್ರಶ್ನೆ: ಕೆಸರು ಮೇಲಿನ ಕಂದು ಪದರ ನೀರು ಇಳಿದಾಗ ಚೆನ್ನಾಗಿ ಕಾಣತ್ತೆ, ಉಬ್ಬರ ಬರೋ ಸ್ವಲ್ಪ ಮುಂಚೆ ಮಾಯ ಆಗತ್ತೆ. ನೀರು ಇನ್ನೂ ಬಂದೇ ಇರಲ್ಲ, ಎಲ್ಲಿಗೆ ಹೋಗತ್ತೆ?

ಉತ್ತರ: ಕೆಳಗೆ. ತುಂಬಾ ಒಳ್ಳೆ ಗಮನ ನಿಮ್ಮದು, ಯಾಕಂದ್ರೆ "ನೀರು ಇನ್ನೂ ಬಂದೇ ಇರಲ್ಲ" ಅನ್ನೋದೇ ಇಲ್ಲಿ ಅಸಲಿ ವಿಷಯ. ಉಬ್ಬರದ ನೀರು ಬಂದು ತೊಳ್ಕೊಂಡು ಹೋಗೋಕೆ ಮುಂಚೆನೇ ಡಯಾಟಮ್‌ಗಳು ಕೆಸರೊಳಗೆ ಇಳಿದುಬಿಡ್ತವೆ, ಹಗಲಲ್ಲಿ ಮತ್ತೆ ನೀರು ಇಳಿದಾಗ ಮೇಲೆ ಬರ್ತವೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಬಾರ್ನ್‌ಸ್ಟಬಲ್ ಬಂದರಿನ ಹ್ಯಾಂಟ್‌ಶಿಯಾ ಅನ್ನೋ ಡಯಾಟಮ್ ಮೇಲೆ ಇದರ ಬಗ್ಗೆ ಹಳೇ ಕಾಲದಿಂದ ಕೆಲಸ ನಡೆದಿದೆ, ಅದನ್ನ ಲ್ಯಾಬಿಗೆ ತಂದು ಉಬ್ಬರ ಇಳಿತ ಏನೂ ಇಲ್ಲದ ಹಾಗೆ ಇಟ್ರೂ ಕೆಲವು ದಿನ ತೀರದ ಹೊತ್ತಿಗೆ ಸರಿಯಾಗಿ ಮೇಲೆ ಕೆಳಗೆ ಮಾಡ್ತಾನೇ ಇರತ್ತೆ. ಒಂದೇ ಕೋಶದ ಜೀವಿ, ಮಿದುಳಿಲ್ಲ ನರ ಇಲ್ಲ, ಒಳಗೆ ಗಡಿಯಾರ ಇದೆ. ನನಗಂತೂ ಕಡಲಂಚಿನ ಜೀವಶಾಸ್ತ್ರದಲ್ಲಿ ಇದಕ್ಕಿಂತ ಖುಷಿ ಕೊಡೋ ವಿಷಯ ಕಡಿಮೆ.

ಕೆಳಗೆ ಇಳಿಯೋಕೆ ಬೇರೆ ಕಾರಣನೂ ಇದೆ. ಬಿಸಿಲು ಅತಿಯಾದ್ರೆ ಕ್ಲೋರೋಫಿಲ್ ಇರೋ ಯಂತ್ರಾನೇ ಹಾಳಾಗತ್ತೆ, ಆಗ ಒಂದಿಷ್ಟು ಕೋಶ ಸ್ವಲ್ಪ ಕೆಳಗೆ ಸರಿದು ನೆರಳಲ್ಲಿ ಇರ್ತವೆ, ಜೊತೆಗೆ ಹೆಚ್ಚಾದ ಬೆಳಕನ್ನ ಶಾಖ ಮಾಡಿ ಹೊರಗೆ ಹಾಕೋ ವ್ಯವಸ್ಥೆನೂ ಡಯಾಟಮ್ ಒಳಗೇ ಇದೆ. ಪೋಷಕಾಂಶ ಮೇಲ್ಗಡೆಗಿಂತ ಕೆಸರಿನ ಒಳಗೆ ಜಾಸ್ತಿ ಇರತ್ತೆ ಅನ್ನೋದೂ ಸೇರಿಸ್ಕೊಳಿ.

ಇದನ್ನ ನೀವೇ ಮಾಡಿ ನೋಡ್ಬಹುದು. ಮೇಲಿನ ಅರ್ಧ ಸೆಂಟಿಮೀಟರ್ ಕೆಸರು ಒಂದು ತಟ್ಟೆಗೆ ಹಾಕಿ, ನಿಂತಿರೋ ನೀರು ಬಸಿದು, ಮೇಲೆ ಕ್ಯಾಮೆರಾ ಲೆನ್ಸ್ ಒರೆಸೋ ತೆಳು ಟಿಶ್ಯೂ ತುಂಡು ಹಾಸಿ, ಹಗಲು ಬೆಳಕಲ್ಲಿ ಕೆಲವು ಗಂಟೆ ಬಿಡಿ. ಬೆಳಕು ಹುಡ್ಕೊಂಡು ಮೇಲೆ ಬಂದ ಡಯಾಟಮ್‌ಗಳು ಟಿಶ್ಯೂ ನಾರಿನೊಳಗೆ ಸೇರ್ಕೊಂಡಿರ್ತವೆ, ಕೆಸರು ಕೆಳಗೇ ಉಳಿಯತ್ತೆ. ಟಿಶ್ಯೂನ ಚಿಮಟಿಯಲ್ಲಿ ಎತ್ತಿ ಒಂದು ಹನಿ ಕಡಲ ನೀರಲ್ಲಿ ಅದ್ದಿ ಸ್ಲೈಡ್ ಮೇಲೆ ಇಟ್ರೆ 400 ಪಟ್ಟು ದೊಡ್ಡದು ಮಾಡೋ ಸಾಧಾರಣ ಮೈಕ್ರೋಸ್ಕೋಪಲ್ಲೇ ದೋಣಿ ಆಕಾರದ ಕೋಶಗಳು ಮುಂದಕ್ಕೆ ಹೋಗಿ, ನಿಂತು, ತಿರುಗದೆ ಹಾಗೇ ಹಿಂದಕ್ಕೆ ಬರೋದು ಕಾಣತ್ತೆ. ಸಂಶೋಧಕರು 1960ರ ದಶಕದಿಂದ ಬಳಸ್ತಿರೋ ವಿಧಾನಾನೇ ಇದು.

ಪ್ರಶ್ನೆ: ಅಲೆ ಒಡೆಯೋ ಜಾಗದಲ್ಲಿ ಕೆಲವು ದಿನ ಕಂದು ಬಣ್ಣದ ನೊರೆ, ಪಟ್ಟೆ ಪಟ್ಟೆಯಾಗಿ ಕಾಣತ್ತೆ. ಕೊಳಚೆ ನೀರಾ ಇದು?

ಉತ್ತರ: ಇರಬಹುದು, ಆದ್ರೆ ಹಾಗೇ ತೀರ್ಮಾನ ಮಾಡ್ಬೇಡಿ, ಒಂದು ಹನಿ ಮೈಕ್ರೋಸ್ಕೋಪಲ್ಲಿ ನೋಡಿ. ಉದ್ದನೆ ಮರಳು ತೀರ, ಜೋರಾದ ಅಲೆ, ಇವೆರಡೂ ಇರೋ ಕಡೆ ಅಲೆ ಒಡೆಯೋ ಪಟ್ಟಿಯಲ್ಲೇ ಬದುಕೋ ಡಯಾಟಮ್‌ಗಳಿವೆ. ದಕ್ಷಿಣ ಆಫ್ರಿಕಾದ ಆಲ್ಗೋವಾ ಕೊಲ್ಲಿಯ ಅನಾಲಸ್ ಆಸ್ಟ್ರಾಲಿಸ್, ಬ್ರೆಜಿಲ್‌ನ ಕಸೀನೊ ಬೀಚಿನ ಆಸ್ಟರಿಯೊನೆಲಾಪ್ಸಿಸ್, ಇವು ಹೆಸರುವಾಸಿ. ಅನಾಲಸ್ ದಿನಚರಿ ನೋಡಿ, ಬೆಳಗ್ಗೆ ಅಲೆಯ ಗಾಳಿಗುಳ್ಳೆಗೆ ಅಂಟ್ಕೊಂಡು ಮೇಲಕ್ಕೆ ಬಂದು ನೊರೆ ಜೊತೆ ಪಟ್ಟೆಯಾಗಿ ತೇಲತ್ತೆ, ಸಂಜೆ ಹೊತ್ತಿಗೆ ಲೋಳೆ ಸುತ್ಕೊಂಡು ಮರಳಿನ ಕಡೆ ಇಳಿಯತ್ತೆ, ರಾತ್ರಿ ಅಲ್ಲೇ. ಅದಕ್ಕೆ ಬೇಕಾದ ಸಾರಜನಕ ಎಲ್ಲಿಂದ ಅಂದ್ರೆ ಅಲ್ಲಿನ ಮರಳುದಿಬ್ಬದ ಕೆಳಗಿಂದ ಜಿನುಗೋ ಅಂತರ್ಜಲದಿಂದನೂ ಬರತ್ತೆ. ಅಂದ್ರೆ ನೀರಲ್ಲಿರೋ ಪಾಚಿಯ ಭವಿಷ್ಯ ಹಿಂದಿನ ದಿಬ್ಬದ ಮೇಲೂ ನಿಂತಿದೆ, ದಿಬ್ಬ ಕಿತ್ತು ಕಟ್ಟಡ ಕಟ್ಟೋರು ಈ ಲೆಕ್ಕ ಹಾಕೋದು ನಾನು ಕಂಡಿಲ್ಲ.

ಪ್ರಶ್ನೆ: ನದಿ ಕಡಲು ಸೇರೋ ಅಳಿವೆಯಲ್ಲಿ ಸಿಹಿನೀರಿನ ಪಾಚಿ ಸತ್ತು ಉಪ್ಪುನೀರಿನದು ಶುರುವಾಗತ್ತೆ ಅಂತ ಓದಿದ್ದೆ. ಗೆರೆ ಎಳೆದ ಹಾಗೆ ಇರತ್ತಾ?

ಉತ್ತರ: ಗೆರೆ ಇಲ್ಲ, ಇರೋದು ಇಳಿಜಾರು, ಅದೂ ದಿನಕ್ಕೆ ಒಂದೋ ಎರಡೋ ಸಲ ಉಬ್ಬರದ ಜೊತೆ ಮೇಲೆ ಕೆಳಗೆ ಸರಿದಾಡೋ ಇಳಿಜಾರು. ತೆರೆದ ಕಡಲಲ್ಲಿ ಒಂದು ಲೀಟರ್‌ಗೆ ಸುಮಾರು 35 ಗ್ರಾಂ ಉಪ್ಪು, ನದಿಯಲ್ಲಿ ಹೆಚ್ಚುಕಡಿಮೆ ಸೊನ್ನೆ, ಮಧ್ಯೆ ಎಲ್ಲಾ ಥರದ್ದೂ. ಉಪ್ಪು ಏರಿದಾಗ ಕೋಶದ ಒಳಗಿನ ನೀರು ಹೊರಗೆ ಎಳ್ಕೊಂಡು ಹೋಗತ್ತೆ, ಇಳಿದಾಗ ಹೊರಗಿನ ನೀರು ಒಳಗೆ ನುಗ್ಗತ್ತೆ, ಇದನ್ನ ಸರಿದೂಗಿಸೋಕೆ ಶಕ್ತಿ ಖರ್ಚಾಗತ್ತೆ. ಸಿಹಿನೀರಿನ ಹಸಿರುಪಾಚಿಗಳಲ್ಲಿ ಸುಮಾರಿನವಕ್ಕೆ ಇದು ಆಗಲ್ಲ, ಸೋತು ಹೋಗ್ತವೆ. ಸ್ಕೆಲಿಟೊನೀಮಾ ಥರದ ಡಯಾಟಮ್‌ಗಳು ಮಾತ್ರ ತುಂಬಾ ಕಮ್ಮಿ ಉಪ್ಪಿಂದ ಕಡಲಿನ ಉಪ್ಪಿನವರೆಗೂ ನಿಭಾಯಿಸ್ತವೆ, ಹಾಗಾಗಿ ಅಳಿವೆ ಸ್ಯಾಂಪಲ್ ಅಂದ್ರೆ ಅವು ಸಿಗೋದು ಸಾಮಾನ್ಯ.

ಆದ್ರೆ ಅಳಿವೆಯಲ್ಲಿ ಏನೇ ಆದ್ರೂ ಉಪ್ಪಿನ ಮೇಲೆ ಹಾಕಿಬಿಡೋದು ಸರಿಯಲ್ಲ, ಸುಮಾರು ಕಡೆ ಅಸಲಿ ತಡೆ ಬೆಳಕು. ಸಿಹಿನೀರು ಉಪ್ಪುನೀರು ಸೇರೋ ಕಡೆ ಜೇಡಿಕಣಗಳು ಒಂದಕ್ಕೊಂದು ಅಂಟಿ ಉಂಡೆಯಾಗ್ತವೆ, ಪ್ರವಾಹದ ಸುತ್ತಾಟಕ್ಕೆ ಸಿಕ್ಕಿ ಅಲ್ಲೇ ಉಳೀತವೆ, ನೀರು ಕದಡಿ ಚಹಾ ಬಣ್ಣ ಆಗಿರತ್ತೆ. ಪೋಷಕಾಂಶ ಎಷ್ಟು ಬೇಕೋ ಅಷ್ಟಿದೆ, ಬೆಳಕಿಲ್ಲ. ಇಂಥ ಕಡೆ ತೇಲೋ ಪಾಚಿ ಸೊರಗಿರತ್ತೆ, ನೀರು ಇಳಿದಾಗ ನೇರ ಬಿಸಿಲು ಸಿಗೋ ಕೆಸರುಬಯಲಿನ ಪಾಚಿ ಕೊಬ್ಬಿರತ್ತೆ. ಕೆಲವು ಅಳಿವೆಗಳ ಒಟ್ಟು ಪಾಚಿ ಉತ್ಪಾದನೆಯಲ್ಲಿ ಅರ್ಧದಷ್ಟು ಈ ನೆಲದ ಪಾಚಿಯಿಂದಲೇ ಬರತ್ತೆ. ನೀರಿನ ಸ್ಯಾಂಪಲ್ ಮಾತ್ರ ತೆಗೆದು "ಇಲ್ಲಿ ಪಾಚಿ ಕಮ್ಮಿ" ಅಂತ ರಿಪೋರ್ಟ್ ಬರೆಯೋದು ಅದಕ್ಕೇ ತಪ್ಪು.

ಉಪ್ಪಿನ ಇನ್ನೊಂದು ತುದಿ ನೋಡ್ಬೇಕು ಅಂದ್ರೆ ಉಪ್ಪಿನ ಪಾತಿ ಇದೆಯಲ್ಲ. ನೀರು ಆವಿಯಾಗ್ತಾ ಹೋದ ಹಾಗೆ ಒಂದೊಂದೇ ಜಾತಿ ಬಿದ್ದು ಹೋಗಿ ಕೊನೆಗೆ ಡುನಾಲಿಯೆಲ್ಲ ಸಲೈನಾ ಅನ್ನೋ ಒಂದು ಹಸಿರುಪಾಚಿ, ಅದರ ಜೊತೆ ಉಪ್ಪುಪ್ರಿಯ ಆರ್ಕಿಯಾ (ಬ್ಯಾಕ್ಟೀರಿಯಾ ಥರ ಕಾಣೋ, ಆದ್ರೆ ಬೇರೆಯೇ ಗುಂಪಿನ ಸೂಕ್ಷ್ಮಜೀವಿಗಳು) ಉಳೀತವೆ. ಡುನಾಲಿಯೆಲ್ಲಕ್ಕೆ ಗಟ್ಟಿ ಕೋಶಗೋಡೆನೇ ಇಲ್ಲ, ಒಳಗೆ ಗ್ಲಿಸರಾಲ್ ತುಂಬ್ಕೊಂಡು ಹೊರಗಿನ ಉಪ್ಪಿಗೆ ಸರಿಸಮ ಮಾಡ್ಕೊಳತ್ತೆ. ಬಿಸಿಲು, ಉಪ್ಪು ಎರಡೂ ಜೋರಾದಾಗ ಬೀಟಾ ಕ್ಯಾರೋಟಿನ್ ಕೂಡಿಟ್ಟು ಕಿತ್ತಳೆ ಕೆಂಪಾಗತ್ತೆ. ಪಾತಿ ನೀರು ಗುಲಾಬಿ ಕಾಣೋದು ಇದರಿಂದ ಮತ್ತೆ ಆ ಆರ್ಕಿಯಾಗಳಿಂದ.

ಪ್ರಶ್ನೆ: ಗೊಬ್ಬರದ ನೀರು ಕಡಲಿಗೆ ಹೋದ್ರೆ ಪಾಚಿ ಜಾಸ್ತಿ, ಪಾಚಿ ಜಾಸ್ತಿ ಆದ್ರೆ ಮೀನು ಜಾಸ್ತಿ. ಹಾಗಿದ್ರೆ ಇದರಲ್ಲಿ ಕೆಟ್ಟದೇನು?

ಉತ್ತರ: ಈ ಪ್ರಶ್ನೆನ ತುಂಬಾ ಜನ ಕೇಳ್ತಾರೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳ್ತೀನಿ. ಪಾಚಿ ಎಷ್ಟು ಅನ್ನೋದಕ್ಕಿಂತ ಯಾವ ಪಾಚಿ ಅನ್ನೋದು ಮುಖ್ಯ, ಮತ್ತೆ ಯಾವ ಪಾಚಿ ಅನ್ನೋದನ್ನ ನಿರ್ಧಾರ ಮಾಡೋದ್ರಲ್ಲಿ ಪೋಷಕಾಂಶದ ಮೊತ್ತಕ್ಕಿಂತ ಅನುಪಾತದ ಪಾತ್ರ ದೊಡ್ಡದು. ಅಮೆರಿಕದ ಕಡಲ ವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ಒಂದು ವಿಷಯ ಗಮನಿಸಿದ್ರು, ತೇಲುಜೀವಿಗಳ ಮೈಯಲ್ಲಿ ಸಾರಜನಕ ರಂಜಕ ಯಾವ ಪ್ರಮಾಣದಲ್ಲಿವೆಯೋ ಕಡಲ ನೀರಲ್ಲೂ ಹತ್ತಿರ ಹತ್ತಿರ ಅದೇ ಪ್ರಮಾಣ ಇದೆ ಅಂತ. ಇವತ್ತು ನಾವು ಬಳಸೋ ಲೆಕ್ಕ, ಪರಮಾಣುಗಳ ಎಣಿಕೆಯಲ್ಲಿ, ಇಂಗಾಲ 106, ಸಾರಜನಕ 16, ರಂಜಕ 1. ಡಯಾಟಮ್‌ಗೆ ಇದರ ಮೇಲೆ ಸಿಲಿಕಾನೂ ಬೇಕು, ಸರಿಸುಮಾರು ಸಾರಜನಕದಷ್ಟೇ, ಯಾಕಂದ್ರೆ ಅದರ ಚಿಪ್ಪು ಸಿಲಿಕಾದ್ದು. ಈಗ ನೋಡಿ, ಹೊಲದ ಗೊಬ್ಬರ ಕೊಳಚೆ ಎರಡೂ ಸಾರಜನಕ ರಂಜಕ ಹೇರಳವಾಗಿ ಸೇರಿಸ್ತವೆ, ಸಿಲಿಕಾ ಸೇರಿಸಲ್ಲ. ಸಿಲಿಕಾ ಬರೋದು ಬೆಟ್ಟದ ಕಲ್ಲು ಸವೆದು ನದಿ ಮೂಲಕ, ಆ ನದಿಗೆ ಅಣೆಕಟ್ಟು ಕಟ್ಟಿದ್ರೆ ಒಂದು ಪಾಲು ಜಲಾಶಯದ ಒಳಗೇ ಉಳಿಯತ್ತೆ. ಹೀಗೆ ಒಂದು ಕಡೆ ಸಾರಜನಕ ಏರಿ ಇನ್ನೊಂದು ಕಡೆ ಸಿಲಿಕಾ ಇಳಿದ್ರೆ ಡಯಾಟಮ್ ಸಿಲಿಕಾ ಮುಗಿದ ಕೂಡ್ಲೇ ನಿಲ್ಲತ್ತೆ, ಉಳಿದ ಸಾರಜನಕ ಸಿಲಿಕಾ ಬೇಡದ ಡೈನೋಫ್ಲಾಜೆಲೇಟ್ ಮತ್ತೆ ಬೇರೆ ಫ್ಲಾಜೆಲೇಟ್‌ಗಳಿಗೆ (ಬಾಲದಂಥ ಎಳೆಯಿಂದ ಈಜೋ ಒಂದೇ ಕೋಶದ ಜೀವಿಗಳು) ಹೋಗತ್ತೆ. ಇದರಲ್ಲಿ ಎಲ್ಲವೂ ಕೆಟ್ಟವಲ್ಲ, ಆದ್ರೆ ವಿಷ ಮಾಡೋ ಜಾತಿಗಳು ಹೆಚ್ಚು ಸಿಗೋದು ಆ ಗುಂಪಲ್ಲೇ.

ನೈಲ್ ನದಿಯ ಕಥೆ ಇದಕ್ಕೆ ಒಳ್ಳೆ ಉದಾಹರಣೆ, ಅರ್ಧ ಹೇಳಿದ್ರೆ ದಾರಿ ತಪ್ಪಿಸೋ ಉದಾಹರಣೆನೂ ಹೌದು. ಅಸ್ವಾನ್ ಹೈ ಡ್ಯಾಮಿಗೆ ಮುಂಚೆ ಪ್ರತಿ ವರ್ಷ ನೆರೆ ನೀರು ಮೆಡಿಟರೇನಿಯನ್ ಸೇರಿದಾಗ ಮುಖಜಭೂಮಿ ಎದುರು ಡಯಾಟಮ್ ದಟ್ಟವಾಗಿ ಏಳ್ತಿತ್ತು, ಅದರ ಹಿಂದೆ ಸಾರ್ಡೀನ್ ಮೀನು ಬರ್ತಿತ್ತು. 1960ರ ದಶಕದ ಮಧ್ಯದಲ್ಲಿ ನೆರೆ ನಿಂತ್ಮೇಲೆ ಆ ಪಾಚಿ ಏಳೋದೂ ನಿಂತು ಸಾರ್ಡೀನ್ ಹಿಡಿಯೋದು ಪಾತಾಳಕ್ಕೆ ಬಿತ್ತು. ಇಲ್ಲಿಗೆ ನಿಲ್ಲಿಸ್ತಾರೆ ಸುಮಾರು ಜನ. ಆಮೇಲೆ 1980ರ ದಶಕದಲ್ಲಿ ಮೀನು ವಾಪಸ್ ಬಂತು, ಅದಕ್ಕೆ ಗೊಬ್ಬರ ಮತ್ತೆ ಊರುಗಳ ಕೊಳಚೆಯಿಂದ ಬಂದ ಪೋಷಕಾಂಶ ಮುಖ್ಯ ಕಾರಣ ಅಂತ ಲೆಕ್ಕ ಹಾಕಿದೋರು ಇದಾರೆ. ಅಂದ್ರೆ ಪಾಚಿ ಜಾಸ್ತಿ ಆದ್ರೆ ಮೀನು ಜಾಸ್ತಿ ಅನ್ನೋ ನಿಮ್ಮ ಮಾತು ಪೂರ್ತಿ ಸುಳ್ಳಲ್ಲ. ಮೆಡಿಟರೇನಿಯನ್ ಪೂರ್ವ ಭಾಗ ತುಂಬಾ ಬಡ ನೀರು, ಅಲ್ಲಿ ಸ್ವಲ್ಪ ಗೊಬ್ಬರ ಹೋದ್ರೆ ಹೀಗಾಗತ್ತೆ. ಅದೇ ಗೊಬ್ಬರ ಮಿಸಿಸಿಪ್ಪಿ ನದಿ ಮೂಲಕ ಮೆಕ್ಸಿಕೊ ಕೊಲ್ಲಿಗೆ ಹೋದ್ರೆ, ಅಲ್ಲಿ ಬೇಸಿಗೆಯಲ್ಲಿ ಹಗುರ ಸಿಹಿನೀರು ಮೇಲೆ ಭಾರದ ಉಪ್ಪುನೀರು ಕೆಳಗೆ ಪದರ ಪದರವಾಗಿ ನಿಂತಿರೋದ್ರಿಂದ ಸತ್ತ ಪಾಚಿ ತಳಕ್ಕೆ ಬಿದ್ದು ಕೊಳೆತು ಆಕ್ಸಿಜನ್ ಮುಗಿಸತ್ತೆ, ಪ್ರತಿ ವರ್ಷ ಸಾವಿರಾರು ಚದರ ಕಿಲೋಮೀಟರ್ ತಳ ಉಸಿರುಗಟ್ಟತ್ತೆ.

ಇನ್ನೂ ಒಂದು ಸೇರಿಸ್ತೀನಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಪೋಷಕಾಂಶ ಬೇಕಾದಷ್ಟಿದೆ, ಆದ್ರೆ ಕದಡಿದ ನೀರಿಂದಾಗಿ ಪಾಚಿ ಅಷ್ಟು ಏಳ್ತಿರಲಿಲ್ಲ. ಅದರ ಉತ್ತರ ಭಾಗದಲ್ಲಿ ಏಳ್ತಿದ್ದ ಬೇಸಿಗೆ ಪಾಚಿನೂ 1987ರಿಂದ ಹೆಚ್ಚುಕಡಿಮೆ ಇಲ್ಲವಾಯ್ತು, ಕಾರಣ 1986ರಲ್ಲಿ ಮೊದಲ ಸಲ ಅಲ್ಲಿ ಕಂಡ ಏಷ್ಯಾ ಮೂಲದ ಒಂದು ಸಣ್ಣ ಕಪ್ಪೆಚಿಪ್ಪು, ನೀರು ಸೋಸಿ ಸೋಸಿ ಪಾಚಿ ತಿನ್ನೋದು. ಪೋಷಕಾಂಶದ ಲೆಕ್ಕ ಮಾತ್ರ ಇಟ್ಕೊಂಡು ಕೂತಿದ್ರೆ ಇದು ಯಾವತ್ತೂ ಅರ್ಥ ಆಗ್ತಿರಲಿಲ್ಲ.

ಪ್ರಶ್ನೆ: ಒಂದು ಕಾಲದಲ್ಲಿ ಡಯಾಟಮ್, ಇನ್ನೊಂದು ಕಾಲದಲ್ಲಿ ಡೈನೋಫ್ಲಾಜೆಲೇಟ್ ಅಂತಾರೆ. ಋತು ಕಾರಣನಾ?

ಉತ್ತರ: ಋತು ತರೋ ಗಾಳಿ ಕಾರಣ. ನೀರಲ್ಲಿ ತೇಲೋ ಡಯಾಟಮ್‌ಗೆ ಭಾರದ ಚಿಪ್ಪು, ಈಜೋಕೆ ಬರಲ್ಲ, ನೀರು ಕಲಕ್ತಾ ಇದ್ರೆ ಮಾತ್ರ ಬೆಳಕಲ್ಲಿ ಉಳಿಯತ್ತೆ, ಕಲಕಿದಾಗ ಕೆಳಗಿನ ಪೋಷಕಾಂಶನೂ ಮೇಲೆ ಬರತ್ತೆ, ಬಂದ ಕೂಡ್ಲೇ ಬೇಗ ಬೇಗ ಇಬ್ಭಾಗ ಆಗಿ ಬೆಳೆಯೋದು ಅದರ ಶಕ್ತಿ. ಪೆರು ತೀರದಲ್ಲಿ, ನೈಋತ್ಯ ಮಾನ್ಸೂನ್ ಹೊತ್ತಲ್ಲಿ ಭಾರತದ ನೈಋತ್ಯ ತೀರದಲ್ಲಿ ಆಳದ ತಣ್ಣನೆ ನೀರು ಮೇಲೆ ಬರತ್ತಲ್ಲ, ಆಗ ಡಯಾಟಮ್ ರಾಜ್ಯ. ಗಾಳಿ ನಿಂತು ನೀರು ಪದರ ಕಟ್ಟಿ ಮೇಲೆ ಪೋಷಕಾಂಶ ಮುಗಿದಾಗ ಬಾಲದಿಂದ ಈಜೋ ಡೈನೋಫ್ಲಾಜೆಲೇಟ್ ಗೆಲ್ಲತ್ತೆ, ರಾತ್ರಿ ಕೆಳಗೆ ಹೋಗಿ ಪೋಷಕಾಂಶ, ಹಗಲು ಮೇಲೆ ಬಂದು ಬೆಳಕು, ಎರಡೂ ಪಡ್ಕೊಳತ್ತೆ. ಸ್ಪೇನಿನ ಪರಿಸರ ವಿಜ್ಞಾನಿ ರಾಮೋನ್ ಮಾರ್ಗಲೆಫ್ 1978ರಲ್ಲಿ ಒಂದು ಅಕ್ಷದಲ್ಲಿ ಕಲಕಾಟ ಇನ್ನೊಂದರಲ್ಲಿ ಪೋಷಕಾಂಶ ಇಟ್ಟು ಇದನ್ನೇ ಒಂದು ಚಿತ್ರದಲ್ಲಿ ತೋರಿಸಿದ್ರು, ಇವತ್ತಿಗೂ ಅದು ಬಳಕೆಯಲ್ಲಿದೆ. ಎಲ್ಲಾ ಜಾತಿನೂ ಅದರಲ್ಲಿ ಕೂರಲ್ಲ, ಆದ್ರೂ ಮೊದಲ ಅಂದಾಜಿಗೆ ನನಗೆ ಅದಕ್ಕಿಂತ ಒಳ್ಳೇದು ಸಿಕ್ಕಿಲ್ಲ.

ಪ್ರಶ್ನೆ: ನೀರು ಕೆಂಪಾದ್ರೆ ವಿಷ, ಇಲ್ಲಾಂದ್ರೆ ಸೇಫ್ ಅಂತ ನಂಬಬಹುದಾ?

ಉತ್ತರ: ಖಂಡಿತ ಬೇಡ. ಬಣ್ಣಕ್ಕೂ ವಿಷಕ್ಕೂ ನೇರ ಸಂಬಂಧ ಇಲ್ಲ. ನೀರಿನ ಬಣ್ಣ ಬದಲಾಯಿಸಿದ್ರೂ ವಿಷ ಮಾಡದ ಜಾತಿ ಎಷ್ಟೋ ಇವೆ, ಅಲೆಕ್ಸಾಂಡ್ರಿಯಮ್ ಥರದ ಡೈನೋಫ್ಲಾಜೆಲೇಟ್ ಬಣ್ಣ ಬದಲಾಗೋಕೆ ಮುಂಚೆನೇ ಚಿಪ್ಪುಮೀನಲ್ಲಿ ಅಪಾಯದಷ್ಟು ವಿಷ ಸೇರಿಸಿರತ್ತೆ, ಸ್ಯಾಕ್ಸಿಟಾಕ್ಸಿನ್ ಅನ್ನೋ ಆ ವಿಷ ಬೇಯಿಸಿದ್ರೂ ಹೋಗಲ್ಲ. ಡಯಾಟಮ್ ಅಂದ್ರೆ ಒಳ್ಳೇದೇ ಅಂತನೂ ಅಲ್ಲ, 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡಿನ ಮಸೆಲ್ ಚಿಪ್ಪು ತಿಂದು 100ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ರು, ಕೆಲವರು ತೀರಿಕೊಂಡ್ರು, ಬದುಕಿದೋರಲ್ಲಿ ಕೆಲವರಿಗೆ ನೆನಪಿನ ಶಕ್ತಿ ಹೋಯ್ತು, ಕಾರಣ ಸ್ಯೂಡೋನಿಟ್‌ಶಿಯಾ ಅನ್ನೋ ಡಯಾಟಮ್ ಮಾಡೋ ಡೊಮೊಯಿಕ್ ಆಸಿಡ್. ಅಧಿಕೃತ ಎಚ್ಚರಿಕೆ ಬಂದಾಗ ಚಿಪ್ಪುಮೀನು ತಿನ್ಬೇಡಿ, ಕಣ್ಣಂದಾಜು ಇಲ್ಲಿ ನಡೆಯಲ್ಲ.

ಪ್ರಶ್ನೆ: ಸತ್ತ ಡಯಾಟಮ್ ನೋಡಿ ಹಳೇ ಕಾಲದ ಕಡಲು ಹೇಗಿತ್ತು ಹೇಳ್ತಾರಂತೆ, ನಿಜಾನಾ?

ಉತ್ತರ: ನಿಜ. ಇಷ್ಟೊತ್ತು ಹೇಳಿದ್ದನ್ನೇ ತಿರುಗಿಸಿ ಓದೋದು ಅಷ್ಟೆ. ಒಂದೊಂದು ಜಾಗಕ್ಕೆ ಒಂದೊಂದು ಜಾತಿ ಅಂದ್ಮೇಲೆ, ಮಣ್ಣಲ್ಲಿ ಉಳಿದ ಚಿಪ್ಪು ನೋಡಿದ್ರೆ ಆಗ ಅಲ್ಲಿ ಎಂಥ ಜಾಗ ಇತ್ತು ಅಂತ ಹೇಳಬಹುದು, ಸಿಲಿಕಾ ಆದ್ರಿಂದ ಕೊಳೆಯಲ್ಲ, ಕರಗದೆ ಉಳಿದಷ್ಟು ಸಿಗತ್ತೆ. ಉತ್ತರ ಅಮೆರಿಕದ ವಾಷಿಂಗ್ಟನ್, ಒರೆಗಾನ್ ತೀರದಲ್ಲಿ ಜೌಗು ಮತ್ತೆ ಕಾಡಿನ ಹಳೇ ಮಣ್ಣು ಹೂತಿದೆ, ಅದರ ಮೇಲೆ ತಟ್ಟನೆ ಉಬ್ಬರ ಇಳಿತದ ಕೆಸರು ಶುರುವಾಗತ್ತೆ. ಕೆಳಗಿನ ಪದರದಲ್ಲಿ ಎತ್ತರದ ಜೌಗಿನ, ಕಮ್ಮಿ ಉಪ್ಪಿನ ಡಯಾಟಮ್, ಅದರ ಮೇಲೇ ಕೆಸರುಬಯಲಿನ ಉಪ್ಪುನೀರಿನವು, ನಡುವೆ ನಿಧಾನದ ಬದಲಾವಣೆ ಇಲ್ಲ. ಕಡಲು ಮೆಲ್ಲಗೆ ಏರಿದ್ರೆ ಹೀಗಾಗಲ್ಲ, ನೆಲ ಒಮ್ಮೆಲೇ ಕುಸಿದಿರಬೇಕು. ಕೆಲವು ಕಡೆ ಮಧ್ಯೆ ಸುನಾಮಿ ತಂದ ಮರಳಿನ ಪದರನೂ ಇದೆ, ಅದರಲ್ಲಿ ಕಡಲಿನ ಕಡೆಯ ಮರಳಿನ ಡಯಾಟಮ್‌ಗಳು. ಇಂಥ ಪದರಗಳು, ಸತ್ತು ನಿಂತ ಮರಗಳ ಉಂಗುರ, ಜಪಾನಿನ ಹಳೇ ದಾಖಲೆಯಲ್ಲಿರೋ, ಜಪಾನಲ್ಲಿ ಭೂಕಂಪ ಆಗದೇನೇ ಬಂದ ಸುನಾಮಿ, ಎಲ್ಲಾ ಸೇರಿಸಿ ಆ ಅಮೆರಿಕ ತೀರದ ಕೊನೆಯ ದೊಡ್ಡ ಭೂಕಂಪ ಆಗಿದ್ದು 1700ರ ಜನವರಿ 26ರಂದು ಅಂತ ಲೆಕ್ಕ ಹಾಕಿದಾರೆ. ಅಲ್ಲಿ ಆಗ ಅದನ್ನ ಬರೆದಿಟ್ಟೋರು ಯಾರೂ ಇರಲಿಲ್ಲ, ನೆಲ ಎಷ್ಟು ಕುಸಿದಿರಬಹುದು ಅನ್ನೋ ಅಂದಾಜಿಗೂ ಡಯಾಟಮ್ ಚಿಪ್ಪುಗಳನ್ನ ಬಳಸ್ತಾರೆ.